ಕಸಾಯ್ ಆಪರೇಷನ್ ಆದ ಮಗುವಿಗೆ ಮತ್ತೆ ಕಣ್ಣು ಹಳದಿ: ಇದು ಯಾವ ಕಾಮಾಲೆ?

ಪ್ರಶ್ನೆ: ನಮ್ಮದು ರಾಣೆಬೆನ್ನೂರು ತಾಲ್ಲೂಕಿನ ಹಳ್ಳಿ. ಮಗಳಿಗೆ ಈಗ 13 ತಿಂಗಳು, ತೂಕ 7.4 ಕೆ.ಜಿ. ಹುಟ್ಟಿದ ಮೂರನೇ ದಿನ ಬಂದ ಕಾಮಾಲೆ ಹೋಗಲೇ ಇಲ್ಲ. ಬೆಳಗಿನ ಬಿಸಿಲಿಗೆ ಹಿಡಿಯಿರಿ ಅಂದರು, ಹಿಡಿದೆವು. ಕೊನೆಗೆ ಬೈಲಿಯರಿ ಅಟ್ರೇಸಿಯಾ, ಅಂದರೆ ಪಿತ್ತನಾಳ ಮುಚ್ಚಿಹೋಗುವ ಕಾಯಿಲೆ, ಎಂದು ಗೊತ್ತಾಗಿ, 71ನೇ ದಿನ ಪಿತ್ತರಸಕ್ಕೆ ಹೊಸ ದಾರಿ ಮಾಡುವ ಕಸಾಯ್ ಆಪರೇಷನ್ ಮಾಡಿದರು. ನಾಲ್ಕು ತಿಂಗಳಾಗುವ ಹೊತ್ತಿಗೆ ಬಿಲಿರುಬಿನ್ 1.4ಕ್ಕೆ ಇಳಿದು ಕಣ್ಣು ಬಿಳಿಯಾಗಿತ್ತು. ಎರಡು ತಿಂಗಳ ಹಿಂದೆ ಜ್ವರ ಬಂದು ಹಳದಿಯಾದಾಗ ಅಡ್ಮಿಟ್ ಮಾಡಿ ಆ್ಯಂಟಿಬಯಾಟಿಕ್ ಕೊಟ್ಟರು, ಕಡಿಮೆಯಾಯಿತು. ಈಗ ಹತ್ತು ದಿನದಿಂದ ಮತ್ತೆ ಹಳದಿ. ಈ ಸಲ ಜ್ವರ ಇಲ್ಲ. ಮಲ ಒಂದು ದಿನ ಹಳದಿ, ಇನ್ನೊಂದು ದಿನ ಬೂದು ಮಣ್ಣಿನ ಹಾಗೆ. ರಾತ್ರಿಯಿಡೀ ಮೈ ಕೆರೆದುಕೊಳ್ಳುತ್ತಾಳೆ. ರಿಪೋರ್ಟ್: ಒಟ್ಟು ಬಿಲಿರುಬಿನ್ 4.8, ಡೈರೆಕ್ಟ್ 3.6, ಎಸ್‌ಜಿಒಟಿ 210, ಎಸ್‌ಜಿಪಿಟಿ 160, ಜಿಜಿಟಿ 480, ಅಲ್ಬುಮಿನ್ 3.1, ಐಎನ್‌ಆರ್ 1.5, ಪ್ಲೇಟ್‌ಲೆಟ್ 92,000. ಅತ್ತೆಯವರು ಎಣ್ಣೆ, ತುಪ್ಪ, ಅರಿಶಿನ ಎಲ್ಲ ನಿಲ್ಲಿಸಿದ್ದಾರೆ. ಪಕ್ಕದ ಊರಲ್ಲಿ ನೆಲನೆಲ್ಲಿ ಔಷಧಿ ಕೊಡುವವರ ಹತ್ತಿರ ಹೋಗೋಣ ಅನ್ನುತ್ತಾರೆ. ಡಾಕ್ಟರು ಲಿವರ್ ಕಸಿಯ ಮಾತು ತೆಗೆದಿದ್ದಾರೆ. ಹಾಗಾದರೆ ಆಪರೇಷನ್ ಸೋತಿತೇ? ದೊಡ್ಡ ಮಗನಿಗೂ ಇದು ಅಂಟುತ್ತದೆಯೇ? ನಾನು ಬಸುರಿಯಲ್ಲಿ ಏನಾದರೂ ತಪ್ಪು ತಿಂದೆನೇ? ಒಂಬತ್ತು ತಿಂಗಳ ಚುಚ್ಚುಮದ್ದನ್ನೂ ಜಾಂಡೀಸ್ ಇದೆ ಅಂತ ಹಾಕದೆ ವಾಪಸ್ ಕಳಿಸಿದರು.

ಉತ್ತರ: ಉಳಿದದ್ದನ್ನು ಆಮೇಲೆ ನಿಧಾನವಾಗಿ ಓದಿ, ಮೊದಲು ಒಂದು ಕೆಲಸ ಮಾಡಿ. ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯದೆ ಆಪರೇಷನ್ ಮಾಡಿದ ತಂಡಕ್ಕೆ ಇಂದೇ ಫೋನ್ ಮಾಡಿ, ಈ ರಿಪೋರ್ಟನ್ನು ಕಳಿಸಿ. ಕಸಾಯ್ ಆದ ಮಗುವಿನ ಬಿಲಿರುಬಿನ್ ಇಳಿದು ಮತ್ತೆ ಏರಿದೆ, ಮಲ ಬಿಳಚಿಕೊಂಡಿದೆ, ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆ) 1.5ಕ್ಕೆ ಏರಿದೆ. ಈ ಮೂರೂ ಒಟ್ಟಿಗೆ ಬಂದರೆ ಒಂದೆರಡು ದಿನದೊಳಗೆ ಮಗುವನ್ನು ನೋಡಲೇಬೇಕು. ಜ್ವರ ಇಲ್ಲ ಎಂಬ ಸಮಾಧಾನ ಈ ಮಕ್ಕಳ ವಿಷಯದಲ್ಲಿ ಅರ್ಧ ಸಮಾಧಾನ ಮಾತ್ರ. ಏಕೆ ಎಂಬುದು ಕೆಳಗಿದೆ.

ನಿಮ್ಮ ಮನೆಯಲ್ಲಿ ನಡೆಯುತ್ತಿರುವ ಗೊಂದಲಕ್ಕೆ ಮೂಲ ಒಂದು ಹೆಸರು. ಕಾಮಾಲೆ, ಕಾಮಣಿ, ಜಾಂಡೀಸ್ ಎಂದು ಹೇಗೆ ಕರೆದರೂ ಆ ಒಂದೇ ಹೆಸರಿನಡಿ ಬೇರೆ ಬೇರೆ ಹತ್ತಾರು ತೊಂದರೆಗಳನ್ನು ಕಟ್ಟಿಹಾಕಿದ್ದೇವೆ. ಹುಟ್ಟಿದ ಮಗುವಿಗೆ ಮೂರನೇ ದಿನ ಬಂದು ಎರಡನೇ ವಾರದೊಳಗೆ ಹೋಗುವುದು ಒಂದು. ಕೆಟ್ಟ ನೀರು ಕುಡಿದು ಶಾಲೆಯ ಹುಡುಗರಿಗೆ ಬರುವ ಹೆಪಟೈಟಿಸ್ ಎ ಇನ್ನೊಂದು. ನಿಮ್ಮ ಮಗಳದ್ದು ಮೂರನೆಯದು, ಅವೆರಡಕ್ಕೂ ಸಂಬಂಧವಿಲ್ಲದ್ದು. ಊರವರು ಹೇಳುವ ಉಪಾಯಗಳೆಲ್ಲ ಮೊದಲೆರಡನ್ನು ನೋಡಿ ಹುಟ್ಟಿದವು.

ಹಳದಿ ಎಲ್ಲಿಂದ ಬರುತ್ತದೆ ನೋಡಿ. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ಬಣ್ಣ ಉಳಿಯುತ್ತದೆ. ಇದು ನೀರಿನಲ್ಲಿ ಕರಗುವುದಿಲ್ಲ. ಯಕೃತ್ತು ಇದನ್ನು ಎಳೆದುಕೊಂಡು, ನೀರಿನಲ್ಲಿ ಕರಗುವಂತೆ ಬದಲಿಸಿ, ಪಿತ್ತರಸದ ಜೊತೆ ಕರುಳಿಗೆ ಸುರಿಯುತ್ತದೆ. ಕರುಳಿನ ಬ್ಯಾಕ್ಟೀರಿಯಾ ಅದನ್ನು ಮತ್ತೆ ಬದಲಿಸಿದಾಗ ಮಲಕ್ಕೆ ಕಂದು-ಹಳದಿ ಬಣ್ಣ ಬರುತ್ತದೆ. ಯಕೃತ್ತು ಬದಲಿಸುವ ಮೊದಲಿನದು ಇನ್‌ಡೈರೆಕ್ಟ್ ಬಿಲಿರುಬಿನ್, ಬದಲಿಸಿದ ಮೇಲಿನದು ಡೈರೆಕ್ಟ್. ಪಿತ್ತರಸ ಹರಿಯುವ ದಾರಿ ಕಟ್ಟಿದರೆ ಡೈರೆಕ್ಟ್ ಬಿಲಿರುಬಿನ್ ಹಿಂದಕ್ಕೆ ತಿರುಗಿ ರಕ್ತ ಸೇರುತ್ತದೆ. ಕರುಳಿಗೆ ಬಣ್ಣ ಸಿಗದೆ ಮಲ ಸುಣ್ಣ ಅಥವಾ ಬೂದುಮಣ್ಣಿನ ಹಾಗಾಗುತ್ತದೆ. ನೀರಿನಲ್ಲಿ ಕರಗುವ ಬಣ್ಣವಾದ್ದರಿಂದ ಮೂತ್ರಪಿಂಡ ಅದನ್ನು ಹೊರಹಾಕಿ ಲಂಗೋಟಿಯ ಮೇಲೆ ಹಳದಿ ಕಲೆ ಬೀಳುತ್ತದೆ. ಪಿತ್ತರಸದ ಲವಣಗಳೂ ರಕ್ತದಲ್ಲೇ ಉಳಿಯುತ್ತವೆ, ಅವಳ ರಾತ್ರಿಯ ತುರಿಕೆಗೆ ಅದೇ ಕಾರಣ.

ನಿಮ್ಮ ಮಗಳ 4.8ರಲ್ಲಿ 3.6 ಡೈರೆಕ್ಟ್. ಅಂದರೆ ಮುಕ್ಕಾಲು ಪಾಲು. ಯಕೃತ್ತು ಬಣ್ಣವನ್ನು ಬದಲಿಸುವ ಕೆಲಸ ಮಾಡುತ್ತಲೇ ಇದೆ, ಹೊರಗೆ ಕಳಿಸಲು ಆಗುತ್ತಿಲ್ಲ. ಬಿಸಿಲಾಗಲಿ, ನೀಲಿ ದೀಪದ ಫೋಟೋಥೆರಪಿಯಾಗಲಿ ಇನ್‌ಡೈರೆಕ್ಟ್ ಬಿಲಿರುಬಿನ್ ಮೇಲೆ ಮಾತ್ರ ಕೆಲಸ ಮಾಡುತ್ತದೆ. ಹುಟ್ಟಿದ ಹೊಸತರಲ್ಲಿ ನೀವು ಬಿಸಿಲಿಗೆ ಹಿಡಿದದ್ದು ವ್ಯರ್ಥವಾದದ್ದು ಇದೇ ಕಾರಣಕ್ಕೆ, ಈಗಲೂ ಅದರಿಂದ ಉಪಯೋಗವಿಲ್ಲ. ಎರಡು ವಾರ ದಾಟಿದರೂ ಹಳದಿ ಹೋಗದ ಪ್ರತಿ ಶಿಶುವಿಗೂ ಡೈರೆಕ್ಟ್ ಬಿಲಿರುಬಿನ್ ಬೇರೆಯಾಗಿ ಅಳೆಯಬೇಕು, ಅದು 1 ಮಿ.ಗ್ರಾಂ ಮೀರಿದರೆ ಕಾರಣ ಹುಡುಕಬೇಕು. ತೈವಾನ್‌ನಲ್ಲಿ 2004ರಿಂದ ಪ್ರತಿ ಬಾಣಂತಿಗೂ ಮಲದ ಬಣ್ಣಗಳ ಚಿತ್ರವಿರುವ ಕಾರ್ಡ್ ಕೊಡುತ್ತಾರೆ, ಮಗುವಿನ ಮಲವನ್ನು ಅದಕ್ಕೆ ಹೋಲಿಸಿ ನೋಡಲು. ನಮ್ಮಲ್ಲಿ ತಾಯಿ ಕಾರ್ಡಿನ ಒಂದು ಮೂಲೆಯಲ್ಲಿ ಅದನ್ನು ಅಚ್ಚು ಹಾಕಿದರೂ ಎಷ್ಟೋ ಮಕ್ಕಳಿಗೆ ಅನುಕೂಲವಾದೀತು.

ನಿಮ್ಮನ್ನು ಒಳಗೊಳಗೇ ತಿನ್ನುತ್ತಿರುವ ಪ್ರಶ್ನೆಗೆ ಈಗಲೇ ಉತ್ತರಿಸಿಬಿಡುತ್ತೇನೆ. ನೀವು ತಿಂದದ್ದರಿಂದ, ಗ್ರಹಣ ನೋಡಿದ್ದರಿಂದ, ಪಪ್ಪಾಯದಿಂದ ಬೈಲಿಯರಿ ಅಟ್ರೇಸಿಯಾ ಬರುವುದಿಲ್ಲ. ಯಕೃತ್ತಿನ ಹೊರಗಿನ ಪಿತ್ತನಾಳಗಳು ಉರಿಯೂತದಿಂದ ಮುಚ್ಚಿ ನಾರಿನ ಎಳೆಯಂತಾಗುವ ಕಾಯಿಲೆ ಇದು. ಏಕೆ ಹಾಗಾಗುತ್ತದೆ ಎಂಬುದು ವಿಜ್ಞಾನಕ್ಕೆ ಇನ್ನೂ ಪೂರ್ತಿ ತಿಳಿದಿಲ್ಲ. ವಂಶಪಾರಂಪರ್ಯ ಅಲ್ಲ, ಅವಳಿ ಮಕ್ಕಳಲ್ಲೂ ಸಾಮಾನ್ಯವಾಗಿ ಒಬ್ಬರಿಗೆ ಮಾತ್ರ ಬರುತ್ತದೆ. ಅಂಟುರೋಗವೂ ಅಲ್ಲ. ನಿಮ್ಮ ಮಗ ತಂಗಿಯ ಪಕ್ಕದಲ್ಲಿ ಮಲಗಲಿ, ಅದೇ ತಟ್ಟೆಯಲ್ಲಿ ಉಣ್ಣಲಿ, ಏನೂ ಆಗುವುದಿಲ್ಲ. ಅವನಿಂದ ಅವಳಿಗೆ ನೆಗಡಿ, ಕೆಮ್ಮು, ಭೇದಿ ಅಂಟುವುದನ್ನು ತಡೆಯುವುದೇ ಹೆಚ್ಚು ಮುಖ್ಯ.

ಮತ್ತೆ ಹಳದಿಯಾದದ್ದು ಏಕೆ

ಕಸಾಯ್ ಆಪರೇಷನ್ ಜಪಾನಿನ ಸೆಂಡೈ ನಗರದ ಶಸ್ತ್ರವೈದ್ಯ ಮೊರಿಯೊ ಕಸಾಯ್ 1950ರ ದಶಕದಲ್ಲಿ ರೂಪಿಸಿದ್ದು. ಮುಚ್ಚಿಹೋದ ನಾಳವನ್ನು ಯಕೃತ್ತಿನ ಬಾಗಿಲಲ್ಲೇ ಕತ್ತರಿಸಿ, ಸಣ್ಣಕರುಳಿನ ಒಂದು ಸುರುಳಿಯನ್ನು ಮೇಲಕ್ಕೆ ಎಳೆದು ಆ ಕತ್ತರಿಸಿದ ಜಾಗಕ್ಕೆ ಹೊಲಿಯುತ್ತಾರೆ. ಅಲ್ಲಿರುವ, ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವಷ್ಟು ಸಣ್ಣ ನಾಳಗಳಿಂದ ಪಿತ್ತರಸ ಕರುಳಿಗೆ ಜಿನುಗಬೇಕು. ನಿಮ್ಮ ಮಗಳಲ್ಲಿ ಜಿನುಗಿತು, ಹಾಗಾಗಿಯೇ ಬಿಲಿರುಬಿನ್ 2ಕ್ಕಿಂತ ಕೆಳಗಿಳಿಯಿತು. ಆದರೆ ಸಹಜ ಪಿತ್ತನಾಳದ ತುದಿಯಲ್ಲಿ ಒಂದು ಬಿಗಿ ಬಾಯಿ ಇರುತ್ತದೆ, ಕರುಳಿನ ಕೊಳೆ ಮೇಲೇರದಂತೆ ತಡೆಯಲು. ಈ ಹೊಸ ದಾರಿಗೆ ಅದಿಲ್ಲ. ಕರುಳಿನ ಬ್ಯಾಕ್ಟೀರಿಯಾ ನೇರ ಯಕೃತ್ತಿನೊಳಗೆ ಏರಬಹುದು. ಹಾಗೆ ಏರಿ ಪಿತ್ತನಾಳ ಉರಿದುಕೊಳ್ಳುವುದೇ ಕೊಲಾಂಜೈಟಿಸ್. ಮೊದಲ ಎರಡು ವರ್ಷಗಳಲ್ಲಿ ಇದು ಹೆಚ್ಚು. ಎರಡು ತಿಂಗಳ ಹಿಂದೆ ಆಗಿದ್ದು ಬಹುಶಃ ಅದೇ. ಪ್ರತಿ ಸಲವೂ ಒಳಗಿನ ಸಣ್ಣ ನಾಳಗಳಲ್ಲಿ ಕೆಲವು ಗಾಯವಾಗಿ ಮುಚ್ಚಿಹೋಗುತ್ತವೆ, ಅದಕ್ಕೇ ಒಂದೊಂದು ಸಲದ ತಡವೂ ದುಬಾರಿ.

ಈಗಿನ ಏರಿಕೆಗೆ ಮೊದಲ ಅನುಮಾನ ಮತ್ತೆ ಕೊಲಾಂಜೈಟಿಸ್ ಮೇಲೆಯೇ. ಹಿಂದಿನ ಸಲ ಪೂರ್ತಿ ಆರದೆ ಬೂದಿ ಮುಚ್ಚಿದ ಕೆಂಡದಂತೆ ಉಳಿದಿದ್ದರೆ ಜ್ವರವಿಲ್ಲದೆಯೂ ಹಳದಿ, ಬಿಳಿ ಮಲ ಕಾಣಿಸಿಕೊಳ್ಳಬಹುದು. ಯಕೃತ್ತಿನ ಒಳಗೆ ಪಿತ್ತರಸ ನಿಂತು ಸಣ್ಣ ಕೆರೆಗಳಂತಾಗಿದ್ದರೆ ಸೋಂಕು ಅಲ್ಲಿ ಅಡಗಿ ಕೂರುತ್ತದೆ. ಇದನ್ನು ಅಲ್ಟ್ರಾಸೌಂಡ್ ತೋರಿಸುತ್ತದೆ. ಎರಡನೆಯ ಅನುಮಾನ, ಯಕೃತ್ತಿನ ಒಳಗಿನ ಕಾಯಿಲೆಯೇ ಮುಂದುವರಿದು ಸಿರೋಸಿಸ್ (ಗಾಯದ ಕಲೆಗಳಿಂದ ಯಕೃತ್ತು ಗಟ್ಟಿಯಾಗುವುದು) ಬಲಿಯುತ್ತಿರುವುದು. ಕಸಾಯ್ ಹೊರಗಿನ ದಾರಿಯನ್ನು ತೆರೆಯುತ್ತದೆ, ಒಳಗಿನ ಗಾಯವನ್ನು ನಿಲ್ಲಿಸುವುದಿಲ್ಲ. ಹೊಲಿದ ಕರುಳಿನ ಸುರುಳಿ ಮಡಚಿಕೊಳ್ಳುವುದು ಅಪರೂಪ, ವಾಂತಿ ಮತ್ತು ಹೊಟ್ಟೆಯುಬ್ಬರ ಜೊತೆಗಿದ್ದರೆ ಮಾತ್ರ ಅದನ್ನು ಯೋಚಿಸುತ್ತೇವೆ. ಇವೆಲ್ಲದರ ಜೊತೆಗೆ ಈ ಮಗುವಿಗೂ ಬೇರೆ ಮಕ್ಕಳಂತೆ ಹೆಪಟೈಟಿಸ್ ಎ ಬರಬಹುದು, ಮೂತ್ರದ ಸೋಂಕಿನಿಂದಲೂ ಬಿಲಿರುಬಿನ್ ಏರಬಹುದು. ಆದ್ದರಿಂದ ಮೂತ್ರ ಪರೀಕ್ಷೆ ಬಿಡಬಾರದು.

ರಿಪೋರ್ಟಿನ ಉಳಿದ ಅಂಕಿಗಳು ಏನು ಹೇಳುತ್ತವೆ? ಎಲ್ಲರೂ ಮೊದಲು ನೋಡುವುದು ಎಸ್‌ಜಿಒಟಿ, ಎಸ್‌ಜಿಪಿಟಿ. ಅವು ಯಕೃತ್ತಿನ ಜೀವಕೋಶಗಳಿಗೆ ಪೆಟ್ಟಾಗಿದೆಯೇ ಎಂದು ಹೇಳುತ್ತವೆ, ಯಕೃತ್ತು ಕೆಲಸ ಎಷ್ಟು ಮಾಡುತ್ತಿದೆ ಎಂದಲ್ಲ. ಜಿಜಿಟಿ 480 ಪಿತ್ತನಾಳದ ತೊಂದರೆಯ ಗುರುತು. ನನ್ನ ಕಣ್ಣು ಹೋಗುವುದು ಉಳಿದ ಮೂರರ ಮೇಲೆ. ಯಕೃತ್ತು ತಯಾರಿಸುವ ಪ್ರೋಟೀನ್ ಆದ ಅಲ್ಬುಮಿನ್ 3.1 ಸ್ವಲ್ಪ ಕಡಿಮೆ: ಪೋಷಣೆ ಸಾಲದೆ, ಸೋಂಕಿನಿಂದ, ಅಥವಾ ಯಕೃತ್ತು ಸೋಲುತ್ತಿರುವುದರಿಂದ. ಪ್ಲೇಟ್‌ಲೆಟ್ 92,000 ಎಂದರೆ ಯಕೃತ್ತು ಗಟ್ಟಿಯಾಗಿ, ಅದರೊಳಗೆ ಹೋಗುವ ರಕ್ತನಾಳದಲ್ಲಿ ಒತ್ತಡ ಏರಿ, ಗುಲ್ಮ (ಸ್ಪ್ಲೀನ್) ಊದಿಕೊಂಡು ಪ್ಲೇಟ್‌ಲೆಟ್‌ಗಳನ್ನು ಹಿಡಿದಿಟ್ಟುಕೊಂಡಿರುವ ಸಾಧ್ಯತೆ ಹೆಚ್ಚು. ಇದು ಬಿಲಿರುಬಿನ್ ಇಳಿದರೂ ಇಳಿಯದ ಸಮಸ್ಯೆ. ಕಣ್ಣು ಬಿಳಿಯಾದ ತಕ್ಷಣ ಎಲ್ಲ ಸರಿಹೋಯಿತು ಎಂದುಕೊಳ್ಳುವಂತಿಲ್ಲ ಎನ್ನುವುದು ಇದಕ್ಕೇ.

ಐಎನ್‌ಆರ್ 1.5ನ್ನು ಮಾತ್ರ ಹಾಗೆಯೇ ಓದಬಾರದು. ರಕ್ತ ಹೆಪ್ಪುಗಟ್ಟಲು ವಿಟಮಿನ್ ಕೆ ಬೇಕು, ಅದು ಕೊಬ್ಬಿನಲ್ಲಿ ಕರಗುವ ವಿಟಮಿನ್, ಪಿತ್ತರಸವಿಲ್ಲದೆ ಕರುಳಿನಿಂದ ಒಳಗೆ ಹೋಗುವುದಿಲ್ಲ. ಹಾಗಾಗಿ ಮೊದಲು ಇಂಜೆಕ್ಷನ್ ಮೂಲಕ ವಿಟಮಿನ್ ಕೆ ಕೊಟ್ಟು ಆರೇಳು ಗಂಟೆಯ ಮೇಲೆ, ಇಲ್ಲವೇ ಮರುದಿನ, ಮತ್ತೆ ಅಳೆಯಬೇಕು. 1.1ಕ್ಕೆ ಇಳಿದರೆ ವಿಟಮಿನ್ ಕೊರತೆ ಇತ್ತು, ಯಕೃತ್ತಿನಲ್ಲಿ ಇನ್ನೂ ಶಕ್ತಿ ಇದೆ. ಇಳಿಯದಿದ್ದರೆ ಯಕೃತ್ತಿನ ಶಕ್ತಿಯೇ ಕುಗ್ಗಿದೆ. ಒಂದೇ ಅಂಕಿ, ಎರಡು ದೂರದ ಅರ್ಥ. ಇಂಜೆಕ್ಷನ್ ಆಗುವ ತನಕ ಮಗು ತಲೆಗೆ ಪೆಟ್ಟು ಮಾಡಿಕೊಳ್ಳದಂತೆ ನೋಡಿಕೊಳ್ಳಿ. ಈ ಕೊರತೆಯಲ್ಲಿ ಮಿದುಳಿನೊಳಗೆ ರಕ್ತಸ್ರಾವವಾಗುವ ಅಪಾಯವಿದೆ.

ಮನೆಯಲ್ಲಿ ನೋಡುವ ಬಗೆ

ಮಲ ಒಂದು ದಿನ ಹಳದಿ, ಒಂದು ದಿನ ಬೂದು ಎಂದಿದ್ದೀರಿ. ಮೇಲ್ಮೈ ಬಣ್ಣ ನಂಬಬೇಡಿ. ಡೈಪರ್‌ನಲ್ಲಿ ಹಳದಿ ಮೂತ್ರ ತಾಗಿ ಬಿಳಿ ಮಲವೂ ಹಳದಿಯಾಗಿ ಕಾಣುತ್ತದೆ. ಐಸ್‌ಕ್ರೀಮ್ ಕಡ್ಡಿಯಂಥದ್ದರಿಂದ ಒಡೆದು ಒಳಭಾಗ ನೋಡಿ. ಹಗಲು ಬೆಳಕಿನಲ್ಲಿ, ಕಿಟಕಿಯ ಪಕ್ಕ, ದಿನವೂ ಒಂದೇ ಜಾಗದಲ್ಲಿ ಬಿಳಿ ಕಾಗದದ ಮೇಲಿಟ್ಟು ಫೋಟೋ ತೆಗೆದಿಡಿ. ಬಲ್ಬಿನ ಹಳದಿ ಬೆಳಕಿನಲ್ಲಿ ತೆಗೆದ ಫೋಟೋ ಡಾಕ್ಟರಿಗೆ ಉಪಯೋಗಕ್ಕೆ ಬರುವುದಿಲ್ಲ. ಕಣ್ಣಿನ ಬಿಳಿಭಾಗವನ್ನೂ ಹಾಗೆಯೇ, ಮಗು ಕೆಳಗೆ ನೋಡುವಾಗ ಮೇಲಿನ ರೆಪ್ಪೆ ಸ್ವಲ್ಪ ಎತ್ತಿ ನೋಡಿ. ಗಜ್ಜರಿ, ಕುಂಬಳಕಾಯಿ ಹೆಚ್ಚು ತಿಂದ ಮಕ್ಕಳ ಅಂಗೈ, ಮೂಗಿನ ತುದಿ ಹಳದಿಯಾಗುತ್ತದೆ, ಆದರೆ ಕಣ್ಣು ಬಿಳಿಯೇ ಇರುತ್ತದೆ. ತುರಿಕೆಗೆ ರಿಫಾಂಪಿಸಿನ್ ಕೊಟ್ಟಿದ್ದರೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದು ಕಾಮಾಲೆ ಏರಿದ್ದಲ್ಲ. ಕಬ್ಬಿಣದ ಡ್ರಾಪ್ಸ್ ಹಾಕುತ್ತಿದ್ದರೆ ಮಲ ಕಪ್ಪು-ಹಸಿರಾಗುತ್ತದೆ. ಟಾರಿನ ಹಾಗೆ ಮಿರಮಿರ ಹೊಳೆದು, ಅಂಟಂಟಾಗಿ, ಕೆಟ್ಟ ನಾತ ಬೀರುವ ಕಪ್ಪು ಮಲ ಬೇರೆ. ಅದು ಒಳಗೆ ರಕ್ತ ಸೋರಿದ್ದರ ಗುರುತು.

ಚಿಕಿತ್ಸೆಯಿಂದ ದಾರಿ ತೆರೆದಾಗ ಮೊದಲು ಮಲದ ಬಣ್ಣ ಮರಳುತ್ತದೆ, ಆಮೇಲೆ ಮೂತ್ರ ತಿಳಿಯಾಗುತ್ತದೆ, ಕಣ್ಣು ಎಲ್ಲಕ್ಕಿಂತ ಕೊನೆಗೆ. ಡೈರೆಕ್ಟ್ ಬಿಲಿರುಬಿನ್‌ನ ಒಂದು ಪಾಲು ಅಲ್ಬುಮಿನ್‌ಗೆ ಭದ್ರವಾಗಿ ಅಂಟಿಕೊಂಡು ಎರಡು ಮೂರು ವಾರ ರಕ್ತದಲ್ಲಿ ಸುತ್ತುತ್ತಿರುತ್ತದೆ. ಆದ್ದರಿಂದ ಮಲ ಹಳದಿಯಾಗಿದ್ದರೂ ಕಣ್ಣಿನ್ನೂ ಹಳದಿ ಇದೆ ಎಂದು ಚಿಕಿತ್ಸೆ ಬದಲಿಸಲು ಓಡಬೇಡಿ. ಅಂದಹಾಗೆ, ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆ ಬರೀ ಗಾದೆ. ಅವಳಿಗೆ ಲೋಕ ನಮಗೆ ಕಂಡ ಹಾಗೆಯೇ ಕಾಣುತ್ತದೆ.

ಜ್ವರದ ವಿಷಯದಲ್ಲಿ ಮಾತ್ರ ಲೆಕ್ಕಾಚಾರ ಬೇಡ. ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ತೋರಿಸಿದರೆ ಅದೇ ದಿನ, ರಾತ್ರಿಯಾದರೆ ರಾತ್ರಿಯೇ, ಆಸ್ಪತ್ರೆ. ಬೆಂಗಳೂರಿನ ಬಸ್ಸಿಗೆ ಕಾಯುವುದಲ್ಲ. ನಿಮಗೆ ದಾವಣಗೆರೆ, ಹುಬ್ಬಳ್ಳಿ ಹತ್ತಿರ. ಮಕ್ಕಳ ತಜ್ಞರಿರುವ ಯಾವ ದೊಡ್ಡ ಆಸ್ಪತ್ರೆಯಾದರೂ ಸರಿ, ಮೊದಲು ರಕ್ತದ ಕಲ್ಚರ್ ತೆಗೆದು, ಆಮೇಲೆ ರಕ್ತನಾಳದ ಮೂಲಕ ಆ್ಯಂಟಿಬಯಾಟಿಕ್‌ನ ಮೊದಲ ಡೋಸ್ ಕೊಡಲಿ. ಮುಂದಿನದನ್ನು ನಿಮ್ಮ ತಂಡದೊಡನೆ ಫೋನಿನಲ್ಲಿ ಮಾತಾಡಿ ತೀರ್ಮಾನಿಸುತ್ತಾರೆ. ಮೆಡಿಕಲ್ ಅಂಗಡಿಯಿಂದ ಆ್ಯಂಟಿಬಯಾಟಿಕ್ ಸಿರಪ್ ತಂದು ಎರಡು ದಿನ ನೋಡೋಣ ಅನ್ನುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಸೋಂಕು ಆರುವುದಿಲ್ಲ, ಕಲ್ಚರ್‌ನಲ್ಲಿ ಕ್ರಿಮಿಯೂ ಸಿಗದಂತಾಗುತ್ತದೆ. ಜ್ವರಕ್ಕೆ ಪ್ಯಾರಸಿಟಮಾಲ್ ಅನ್ನು ಡಾಕ್ಟರು ತೂಕಕ್ಕೆ ತಕ್ಕಂತೆ ಬರೆದುಕೊಟ್ಟ ಪ್ರಮಾಣದಲ್ಲಿ ಕೊಡಬಹುದು. ಐಬುಪ್ರೊಫೆನ್, ಆಸ್ಪಿರಿನ್ ಬೇಡವೇ ಬೇಡ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ರಕ್ತ ವಾಂತಿ, ಟಾರಿನಂಥ ಮಲ, ಹಗಲಿಡೀ ಮಂಪರು, ಹೊಟ್ಟೆ ಊದಿ ನೋಯುವುದು, ಇವೂ ಅದೇ ದಿನದ ಕೆಲಸ. ಒಂದು ಹಾಳೆಯಲ್ಲಿ ಕಾಯಿಲೆಯ ಹೆಸರು, ಆಪರೇಷನ್ ತಾರೀಕು, ತೂಕ, ರಕ್ತದ ಗುಂಪು, ಕಳೆದ ಸಲ ಕೊಟ್ಟ ಆ್ಯಂಟಿಬಯಾಟಿಕ್, ಈಗಿನ ಔಷಧಗಳು, ತಂಡದ ಫೋನ್ ನಂಬರ್ ಬರೆದು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಳ್ಳಿ. ನಡುರಾತ್ರಿ ಡ್ಯೂಟಿಯಲ್ಲಿರುವ ಡಾಕ್ಟರಿಗೆ ದಪ್ಪ ಫೈಲಿಗಿಂತ ಅದು ಬೇಗ ಕೆಲಸಕ್ಕೆ ಬರುತ್ತದೆ.

ನೆಲನೆಲ್ಲಿ, ತುಪ್ಪ, ಅರಿಶಿನ

ಅತ್ತೆಯವರ ನಂಬಿಕೆಗೆ ಆಧಾರವೇ ಇಲ್ಲ ಎಂದು ನಾನು ಹೇಳುವುದಿಲ್ಲ. ನೆಲನೆಲ್ಲಿ ಕುಡಿದು ಕಾಮಾಲೆ ವಾಸಿಯಾದ ಹತ್ತು ಮಂದಿಯನ್ನು ಅವರು ಕಣ್ಣಾರೆ ಕಂಡಿರುತ್ತಾರೆ. ಆ ಹತ್ತು ಮಂದಿಗೆ ಬಂದದ್ದು ಹೆಚ್ಚಾಗಿ ಹೆಪಟೈಟಿಸ್ ಎ. ಅದು ಬಹುತೇಕರಲ್ಲಿ ಔಷಧಿ ಇಲ್ಲದೆಯೂ ಕೆಲವು ವಾರಗಳಲ್ಲಿ ತಾನಾಗಿ ಹೋಗುತ್ತದೆ. ನಿಮ್ಮ ಮಗಳ ತೊಂದರೆ ಪಿತ್ತನಾಳದ ದಾರಿಯದ್ದು, ಆ ದಾರಿಯನ್ನು ಸೊಪ್ಪಿನ ರಸ ತೆರೆಯಲಾರದು. ಅದಕ್ಕಿಂತ ಹೆಚ್ಚಿನ ಚಿಂತೆ, ಆ ರಸದಲ್ಲಿ ಇನ್ನೇನು ಬೆರೆತಿದೆ, ಎಷ್ಟು ಬೆರೆತಿದೆ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ನಿರಪಾಯಕಾರಿ ಎಂದು ನಾವೆಲ್ಲ ಭಾವಿಸಿದ್ದ ಅಮೃತಬಳ್ಳಿಯಿಂದಲೂ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳನ್ನು ಕೋವಿಡ್ ಕಾಲದಲ್ಲಿ ಮುಂಬೈನ ವೈದ್ಯರು ದಾಖಲಿಸಿದರು. ಆರೋಗ್ಯವಾದ ಯಕೃತ್ತು ಇರುವವರು ತಡೆದುಕೊಂಡಾರು, 7.4 ಕೆ.ಜಿ.ಯ ಈ ಮಗುವಿಗೆ ಆ ಸವಲತ್ತು ಇಲ್ಲ. ಬರೆ ಹಾಕಿಸುವ ಮಾತು ಮನೆಯಲ್ಲಿ ಎದ್ದರೆ ಖಂಡಿತ ಒಪ್ಪಬೇಡಿ. ಆ ಗಾಯದಿಂದ ಸೋಂಕು ರಕ್ತಕ್ಕಿಳಿಯುತ್ತದೆ.

ಅರಿಶಿನ ನಿಲ್ಲಿಸುವುದು ಬಣ್ಣಕ್ಕೆ ಬಣ್ಣ ಸೇರಿಸಿ ಮಾಡಿದ ಲೆಕ್ಕ, ಅಷ್ಟೆ. ಸಾರಿಗೆ ಹಾಕುವ ಚಿಟಿಕೆ ಅರಿಶಿನದಿಂದ ಬಿಲಿರುಬಿನ್ ಏರುವುದಿಲ್ಲ. ಕಾಮಾಲೆಗೆ ಒಳ್ಳೆಯದೆಂದು ಕುಡಿಸುವ ಕಬ್ಬಿನ ಹಾಲು ಬರೀ ಸಕ್ಕರೆ ನೀರು, ರಸ್ತೆ ಬದಿಯ ಐಸ್ ಬೆರೆತರೆ ಹೆಪಟೈಟಿಸ್ ಎ ಮತ್ತು ಭೇದಿಗೆ ದಾರಿ.

ಎಣ್ಣೆ, ತುಪ್ಪ ನಿಲ್ಲಿಸಿದ್ದು ಮಾತ್ರ ನನಗೆ ನಿಜಕ್ಕೂ ಕಳವಳ ತಂದಿದೆ. ಪಿತ್ತರಸ ಕಡಿಮೆಯಾದಾಗ ಕೊಬ್ಬು ಸರಿಯಾಗಿ ಜೀರ್ಣವಾಗುವುದಿಲ್ಲ ಎಂಬುದು ನಿಜ. ಅದಕ್ಕೆ ಉತ್ತರ ಕೊಬ್ಬು ಬಿಡುವುದಲ್ಲ, ಬೇರೆ ಬಗೆಯ ಕೊಬ್ಬು ಸೇರಿಸುವುದು. ಈ ವಯಸ್ಸಿನ ಆರೋಗ್ಯವಂತ ಮಗುವಿಗೆ ಕೆ.ಜಿ.ಗೆ ಸುಮಾರು 80 ಕ್ಯಾಲೊರಿ ಸಾಕು. ಇಂಥ ಮಗುವಿಗೆ ಅದರ ಒಂದೂಕಾಲರಿಂದ ಒಂದೂವರೆ ಪಟ್ಟು ಬೇಕು, ಅಂದರೆ ನಿಮ್ಮ ಮಗಳಿಗೆ ದಿನಕ್ಕೆ 750ರಿಂದ 900 ಕ್ಯಾಲೊರಿ. ತುಪ್ಪವಿಲ್ಲದ ಗಂಜಿಯಲ್ಲಿ ಅಷ್ಟನ್ನು ತುಂಬಲು ಈ ಪುಟ್ಟ ಹೊಟ್ಟೆಯಲ್ಲಿ ಜಾಗವೇ ಇಲ್ಲ. ಎಂಸಿಟಿ ಎಣ್ಣೆ ಎಂಬುದು ಪಿತ್ತರಸದ ಹಂಗಿಲ್ಲದೆ ಕರುಳಿನಿಂದ ನೇರ ರಕ್ತ ಸೇರುವ ಕೊಬ್ಬು. ಒಂದು ಟೀ ಚಮಚದಲ್ಲಿ 38 ಕ್ಯಾಲೊರಿಯಷ್ಟು ಇರುತ್ತದೆ. ಸಾಮಾನ್ಯವಾಗಿ ದಿನಕ್ಕೆ ಕೆ.ಜಿ.ಗೆ 1 ಮಿ.ಲೀ.ಯಿಂದ ಶುರುಮಾಡಿ, ನಾಲ್ಕೈದು ಹೊತ್ತಿಗೆ ಹಂಚಿ, ಮಲ ನೋಡಿಕೊಂಡು ಏರಿಸುತ್ತಾರೆ. ಒಮ್ಮೆಲೇ ಸುರಿದರೆ ಭೇದಿಯಾಗುತ್ತದೆ. ಒಲೆಯ ಮೇಲೆ ಕಾಯಿಸಬೇಡಿ, ಒಗ್ಗರಣೆಗೆ ಬಳಸಬೇಡಿ. ರಾಗಿ ಸರಿಯನ್ನು ಇಳಿಸಿ, ಉಗುರುಬೆಚ್ಚಗಾದ ಮೇಲೆ ಕಲಸಿ. ತೆಂಗಿನೆಣ್ಣೆಯೂ ಅದೇ ಅಲ್ಲವೇ ಎಂದು ಅನೇಕರು ಕೇಳುತ್ತಾರೆ. ಅಲ್ಲ. ತೆಂಗಿನೆಣ್ಣೆಯಲ್ಲಿ ಅರ್ಧದಷ್ಟು ಇರುವುದು ಲಾರಿಕ್ ಆಮ್ಲ, ಅದು ಇಷ್ಟು ಸಲೀಸಾಗಿ ರಕ್ತ ಸೇರುವುದಿಲ್ಲ. ಎಂಸಿಟಿ ಸಿಗದಿದ್ದಾಗ ಅಡುಗೆಗೆ ಬಳಸಿದರೆ ತಪ್ಪಿಲ್ಲ, ಬದಲಿ ಎಂದುಕೊಳ್ಳಬೇಡಿ. ಎಂಸಿಟಿಯಲ್ಲಿ ದೇಹಕ್ಕೆ ಅಗತ್ಯವಾದ ಕೆಲವು ಕೊಬ್ಬಿನಾಮ್ಲಗಳು ಇರುವುದಿಲ್ಲವಾದ್ದರಿಂದ ಒಂದೆರಡು ಚಮಚ ಮನೆಯ ಶೇಂಗಾ ಅಥವಾ ಕುಸುಬೆ ಎಣ್ಣೆಯೂ ಬೇಕು.

ಬೇಳೆ, ಮೊಟ್ಟೆ, ಮೊಸರು ಕಡಿಮೆ ಮಾಡಬೇಡಿ. ಯಕೃತ್ತಿನ ಕಾಯಿಲೆಗೆ ಪ್ರೋಟೀನ್ ಕೆಟ್ಟದ್ದು ಎಂಬುದು ಹಳೆಯ ಮಾತು, ಇಂಥ ಮಕ್ಕಳಿಗೆ ದಿನಕ್ಕೆ ಕೆ.ಜಿ.ಗೆ 2ರಿಂದ 3 ಗ್ರಾಂ ಬೇಕು. ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡಿ, ರಾತ್ರಿ ಒಂದು ಸಲವಾದರೂ ಎಬ್ಬಿಸಿ ಕೊಡಿ. ಸಾಲದಿದ್ದರೆ ಮೂಗಿನ ನಳಿಕೆಯಿಂದ ರಾತ್ರಿ ಹಾಲು ಹನಿಸುವ ಪದ್ಧತಿ ಇದೆ, ಹೆದರಬೇಕಾದ್ದಲ್ಲ. ಎ, ಡಿ, ಇ, ಕೆ ವಿಟಮಿನ್‌ಗಳನ್ನು ಡಾಕ್ಟರು ಬರೆದ ಹೆಚ್ಚಿನ ಪ್ರಮಾಣದಲ್ಲೇ ಕೊಡಿ. ತೂಕವನ್ನು ಮಾತ್ರ ನಂಬಬೇಡಿ. ಊದಿದ ಯಕೃತ್ತು, ಗುಲ್ಮ, ಹೊಟ್ಟೆಯ ನೀರು ಸೇರಿ ತೂಕ ಸುಳ್ಳು ಹೇಳುತ್ತದೆ. ಭುಜ ಮತ್ತು ಮೊಣಕೈ ನಡುವಿನ ಸುತ್ತಳತೆಯನ್ನು ಅಂಗನವಾಡಿಯ ಪಟ್ಟಿಯಿಂದ ತಿಂಗಳಿಗೊಮ್ಮೆ ಅಳೆಸಿ ಬರೆದಿಡಿ.

ಮುಂದಿನ ದಾರಿಗಳು

ಈ ವಾರದ ಕೆಲಸ: ರಕ್ತದ ಕಲ್ಚರ್, ಸಿಆರ್‌ಪಿ (ಉರಿಯೂತದ ರಕ್ತಪರೀಕ್ಷೆ), ಮೂತ್ರ ಪರೀಕ್ಷೆ, ರಕ್ತದ ಹರಿವು ತೋರಿಸುವ ಡಾಪ್ಲರ್ ಸಮೇತ ಅಲ್ಟ್ರಾಸೌಂಡ್, ವಿಟಮಿನ್ ಕೆ. ಕೊಲಾಂಜೈಟಿಸ್ ಅನುಮಾನ ಬಲವಾಗಿದ್ದರೆ 10ರಿಂದ 14 ದಿನ ರಕ್ತನಾಳದ ಮೂಲಕ ಆ್ಯಂಟಿಬಯಾಟಿಕ್. ಜ್ವರ, ಹಳದಿ ಇಳಿದ ತಕ್ಷಣ ಐದನೇ ದಿನಕ್ಕೆ ಡಿಸ್ಚಾರ್ಜ್ ಕೇಳಬೇಡಿ, ಅರ್ಧಕ್ಕೆ ನಿಲ್ಲಿಸಿದ ಕೋರ್ಸೇ ಬೂದಿಯೊಳಗಿನ ಕೆಂಡ. ಇದರಿಂದ ಬಿಲಿರುಬಿನ್ ಮತ್ತೆ 2ಕ್ಕಿಂತ ಕೆಳಗಿಳಿದರೆ ಸ್ವಂತ ಯಕೃತ್ತಿನೊಂದಿಗೇ ಮುಂದುವರಿಯಲು ಅವಕಾಶವಿದೆ. ಕಸಾಯ್ ಅನ್ನು ಎರಡನೇ ಸಲ ಮಾಡಬಹುದೇ ಎಂದು ಕೆಲವರು ಕೇಳುತ್ತಾರೆ. ತೀರ ಆಯ್ದ ಮಕ್ಕಳಲ್ಲಿ ಮಾತ್ರ. ಹೊಟ್ಟೆಯೊಳಗಿನ ಅಂಗಗಳು ಒಂದಕ್ಕೊಂದು ಅಂಟಿಕೊಂಡು ಮುಂದಿನ ಕಸಿಯೇ ಕಷ್ಟವಾಗುತ್ತದೆ. ನಿಮ್ಮ ಮಗಳ ಅಂಕಿಗಳನ್ನು ನೋಡಿದರೆ ನಾನು ಅದನ್ನು ಸೂಚಿಸುವುದಿಲ್ಲ.

ಕಸಿಯ ಮಾತು ಬಂದದ್ದರಿಂದ ಕಸಾಯ್ ಸೋತಿತು ಎಂದುಕೊಳ್ಳಬೇಡಿ. ಚಿಕಿತ್ಸೆ ಇಲ್ಲದಿದ್ದರೆ ಈ ಕಾಯಿಲೆಯ ಬಹುತೇಕ ಮಕ್ಕಳು ಎರಡು ವರ್ಷ ದಾಟುವುದಿಲ್ಲ. 71ನೇ ದಿನ ನಾಲ್ಕೈದು ಕೆ.ಜಿ. ಇದ್ದ ಮಗುವಿಗಿಂತ ಈಗಿನ ಮಗುವಿಗೆ ಕಸಿ ಸುಲಭ, ರಕ್ತನಾಳಗಳು ದಪ್ಪವಾಗಿವೆ. ಅಷ್ಟು ಕಾಲವನ್ನು ಗಳಿಸಿಕೊಟ್ಟದ್ದು ಆ ಆಪರೇಷನ್. 60 ದಿನದೊಳಗೆ ಆಗಿದ್ದರೆ ಫಲ ಇನ್ನಷ್ಟು ಚೆನ್ನಾಗಿರುವ ಸಾಧ್ಯತೆ ಇತ್ತು, ಇದನ್ನು ಮುಚ್ಚಿಡುವುದಿಲ್ಲ. ಆದರೆ ಬೇಗ ಆಪರೇಷನ್ ಆದವರಲ್ಲೂ ಹೆಚ್ಚಿನವರಿಗೆ ಬಾಲ್ಯದಲ್ಲೋ ದೊಡ್ಡವರಾದ ಮೇಲೋ ಒಂದು ದಿನ ಕಸಿ ಬೇಕಾಗುತ್ತದೆ.

ಈಗ ಬೇಕಿರುವುದು ಕಸಿಗೆ ತಯಾರಿಯ ಪರೀಕ್ಷೆ. ಕಸಿಯ ತೀರ್ಮಾನ ಅದರ ನಂತರದ್ದು. ಎರಡನ್ನೂ ಒಂದೇ ಎಂದು ಹೆದರಿ ಮುಂದೂಡುವವರು ಬಹಳ. ಆ್ಯಂಟಿಬಯಾಟಿಕ್ ನಂತರವೂ ಹಳದಿ ಇಳಿಯದಿದ್ದರೆ, ತೋಳಿನ ಸುತ್ತಳತೆ ನಿಂತುಹೋದರೆ, ಹೊಟ್ಟೆಯಲ್ಲಿ ನೀರು ತುಂಬಿದರೆ, ಕೊಲಾಂಜೈಟಿಸ್ ಮರುಕಳಿಸುತ್ತಲೇ ಇದ್ದರೆ, ವಿಟಮಿನ್ ಕೆ ಕೊಟ್ಟರೂ ಐಎನ್‌ಆರ್ ಇಳಿಯದಿದ್ದರೆ ತೀರ್ಮಾನ ಬೇಗ ಆಗಬೇಕು. ಕಾಯುವುದಕ್ಕೂ ಅದರದೇ ಅಪಾಯವಿದೆ. ಸೊರಗಿದ ಮಗು ದೊಡ್ಡ ಆಪರೇಷನ್ ತಡೆದುಕೊಳ್ಳುವುದು ಕಷ್ಟ.

ಇಷ್ಟು ಚಿಕ್ಕ ಮಗುವಿಗೆ ದೊಡ್ಡವರ ಯಕೃತ್ತಿನ ಎಡಭಾಗದ ಒಂದು ತುಂಡು, ಸುಮಾರು ಐದನೇ ಒಂದು ಪಾಲು, ಸಾಕಾಗುತ್ತದೆ. ದಾನಿಯಲ್ಲಿ ಉಳಿದದ್ದು ಕೆಲವೇ ತಿಂಗಳಲ್ಲಿ ಬಹುಮಟ್ಟಿಗೆ ಮತ್ತೆ ಬೆಳೆಯುತ್ತದೆ. ಭಾರತದಲ್ಲಿ ಮೊದಲ ಯಶಸ್ವಿ ಮಕ್ಕಳ ಲಿವರ್ ಕಸಿ 1998ರಲ್ಲಿ ದೆಹಲಿಯಲ್ಲಿ ಆದದ್ದು ಇದೇ ಕಾಯಿಲೆಯ ಮಗುವಿಗೆ, ದಾನಿ ತಂದೆ. 18 ದಾಟಿದ, ರಕ್ತದ ಗುಂಪು ಹೊಂದುವ, ಗರ್ಭಿಣಿಯಲ್ಲದ, ಕೊಬ್ಬಿಲ್ಲದ ಯಕೃತ್ತು ಇರುವ ತಂದೆ ತಾಯಿ ಮೊದಲ ಆಯ್ಕೆ. 2011ರ ತಿದ್ದುಪಡಿಯ ನಂತರ ಅಜ್ಜ ಅಜ್ಜಿಯರೂ ಕಾನೂನಿನಲ್ಲಿ ಹತ್ತಿರದ ಸಂಬಂಧಿಗಳೇ. ನಿಮ್ಮ ಯಜಮಾನರಿಗೆ ಫ್ಯಾಟಿ ಲಿವರ್ ಇದ್ದರೆ ತೂಕ ಇಳಿಸಲು ಇವತ್ತೇ ಶುರುಮಾಡಲಿ. ದಾನಿಗೆ ಅಪಾಯ ಸಣ್ಣದು, ಸೊನ್ನೆಯಲ್ಲ. ಒಂದು ವಾರ ಆಸ್ಪತ್ರೆ, ಎರಡು ಮೂರು ತಿಂಗಳು ಭಾರ ಎತ್ತುವ ಹೊಲದ ಕೆಲಸ ಇಲ್ಲ, ಇದನ್ನು ಮನೆಯವರೆಲ್ಲ ಕೂತು ಲೆಕ್ಕ ಹಾಕಿ. ಮಗುವಿಗೆ ಮೊದಲೆರಡು ವಾರ ಯಕೃತ್ತಿನ ರಕ್ತನಾಳ ಹೆಪ್ಪುಗಟ್ಟುವುದು ದೊಡ್ಡ ಭಯ, ಆಮೇಲೆ ಪಿತ್ತರಸ ಸೋರಿಕೆ, ದೇಹ ಯಕೃತ್ತನ್ನು ತಿರಸ್ಕರಿಸುವುದು, ಸೋಂಕು. ಆ ತಿರಸ್ಕಾರ ತಡೆಯುವ ಟ್ಯಾಕ್ರೊಲಿಮಸ್ ಎಂಬ ಔಷಧ ಸಾಮಾನ್ಯವಾಗಿ ಜೀವನಪೂರ್ತಿ, 12 ಗಂಟೆಗೊಮ್ಮೆ, ಹೊತ್ತು ತಪ್ಪದೆ. ಇಷ್ಟರ ನಡುವೆಯೂ ಅನುಭವವಿರುವ ಕೇಂದ್ರಗಳಲ್ಲಿ ಹತ್ತರಲ್ಲಿ ಒಂಬತ್ತು ಮಕ್ಕಳು ಒಂದು ವರ್ಷ ದಾಟಿ ಶಾಲೆಯ ದಾರಿ ಹಿಡಿಯುತ್ತಾರೆ. ಹಣದ ಮಾತು: ಬಿಪಿಎಲ್ ಕಾರ್ಡಿದ್ದರೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಸರ್ಕಾರದ ಅಂಗ ಕಸಿ ಯೋಜನೆ ಇದೆ. ಕಸಿ ಕೇಂದ್ರದ ಸಮಾಜ ಕಾರ್ಯಕರ್ತರನ್ನು ಮೊದಲ ಭೇಟಿಯಲ್ಲೇ ಕಾಣಿ. ಕಾಗದಪತ್ರಕ್ಕೆ ವಾರಗಟ್ಟಲೆ ಹಿಡಿಯುತ್ತದೆ, ತೀರ್ಮಾನವಾದ ಮೇಲೆ ಓಡಾಡಲು ಶುರುಮಾಡಿದರೆ ತಡ.

ಕೊನೆಗೆ ಆ ವಾಪಸ್ ಕಳಿಸಿದ ಚುಚ್ಚುಮದ್ದು. ಕಾಮಾಲೆ ಇದೆ ಎಂದು ದಡಾರ-ರುಬೆಲ್ಲಾ ಲಸಿಕೆ ತಪ್ಪಿಸುವುದು ಈ ಮಗುವಿನ ವಿಷಯದಲ್ಲಿ ತಲೆಕೆಳಗಾದ ಎಚ್ಚರಿಕೆ. ಅದು, ಹಾಗೆಯೇ ಸಿಡುಬಿನಂಥ ಚಿಕನ್‌ಪಾಕ್ಸ್‌ನ ಲಸಿಕೆ, ಎರಡೂ ಜೀವಂತ ವೈರಸ್‌ನವು. ಕಸಿಯಾದ ಮೇಲೆ ಸಾಮಾನ್ಯವಾಗಿ ಕೊಡಲಾಗದು, ಕಸಿಗೆ ಕನಿಷ್ಠ ನಾಲ್ಕು ವಾರ ಮೊದಲೇ ಕೊಟ್ಟಿರಬೇಕು. ಅವಳು ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿಲ್ಲ ಎಂದು ತಂಡದಿಂದ ಖಚಿತಪಡಿಸಿಕೊಂಡು, ಈಗಿನ ಸೋಂಕು ಆರಿ, ವಿಟಮಿನ್ ಕೆ ನಂತರ ಐಎನ್‌ಆರ್ ನೋಡಿಕೊಂಡು, ‘ಯಕೃತ್ತಿನ ಕಾಯಿಲೆ ಇದ್ದರೂ ಲಸಿಕೆ ಹಾಕಬಹುದು’ ಎಂದು ಡಾಕ್ಟರ ಚೀಟಿ ಬರೆಸಿಕೊಂಡು ಆರೋಗ್ಯ ಕೇಂದ್ರಕ್ಕೆ ಒಯ್ಯಿರಿ. ಒಂದು ವರ್ಷ ತುಂಬಿರುವುದರಿಂದ ಹೆಪಟೈಟಿಸ್ ಎ ಲಸಿಕೆಯನ್ನೂ ಕೇಳಿ. ಸೂಜಿ ತೆಗೆದ ಮೇಲೆ ಉಜ್ಜಬೇಡಿ, ಹತ್ತಿಯಿಂದ ಒತ್ತಿ ಗಡಿಯಾರ ನೋಡಿ ಎರಡು ನಿಮಿಷ ಹಿಡಿದುಕೊಳ್ಳಿ.